ಗೇಮಿಂಗ್ ಪಿಸಿ: ಮೊದಲು ವ್ಯಾಟ್ ಲೆಕ್ಕ, ಆಮೇಲೆ ಲೀಟರ್ ಲೆಕ್ಕ

ಚಿಕ್ಕದಿರಬೇಕು, ಸದ್ದು ಮಾಡಬಾರದು, ಪದೇ ಪದೇ ಬಿಚ್ಚಿ ಒರೆಸುವ ಕೆಲಸ ಇರಬಾರದು, ಆಟ ಮಾತ್ರ ಸರಾಗವಾಗಿ ಓಡಬೇಕು. ಗೇಮಿಂಗ್ ಪಿಸಿ ಕಟ್ಟಲು ಹೊರಟವರು ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ನಾನೂ ಹಾಗೇ ಕೇಳಿದವನು. ಹತ್ತು ಲೀಟರಿಗಿಂತ ಚಿಕ್ಕ ಕ್ಯಾಬಿನೆಟ್ ತಂದು, ಅದರೊಳಗೆ 250 ವ್ಯಾಟ್ ತಿನ್ನುವ ಗ್ರಾಫಿಕ್ಸ್ ಕಾರ್ಡ್ ತುರುಕಿದೆ. ಆಟ ಶುರುವಾದ ಹತ್ತನೇ ನಿಮಿಷಕ್ಕೆ ಮೇಜಿನ ಮೇಲೆ ಮುದ್ದಾಗಿ ಕೂತಿದ್ದ ಪೆಟ್ಟಿಗೆ ಭರ್ರೆಂದು ಕೂಗತೊಡಗಿತು. ಪಕ್ಕದ ಕೋಣೆಯಲ್ಲಿದ್ದವರು ಬಂದು ಏನಾಯಿತು ಅಂತ ನೋಡಿಹೋದರು.

ಎಡವಿದ್ದು ಆಯ್ಕೆಯ ಕ್ರಮದಲ್ಲಿ. ಕಣ್ಣಿಗೆ ಚೆಂದ ಕಂಡ ಕ್ಯಾಬಿನೆಟ್ಟನ್ನು ಮೊದಲು ತಂದೆ, ಆಮೇಲೆ ಅದರಲ್ಲಿ ಹಿಡಿಸುವ ಅತಿ ದೊಡ್ಡ ಕಾರ್ಡ್ ಹುಡುಕಿದೆ, ಕೊನೆಗೆ ಪ್ರೊಸೆಸರನ್ನು ತಣ್ಣಗಿಡಲು ಉಳಿದ ಸಂದಿಯಲ್ಲಿ ಕೂರುವ ಕೂಲರ್ ಹಾಕಿದೆ. ಈಗ ಯಾರಾದರೂ ಕೇಳಿದರೆ ಪೂರ್ತಿ ತಿರುಗಿಸಿ ಹೇಳುತ್ತೇನೆ. ಎಷ್ಟು ವ್ಯಾಟ್ ಬೇಕು ಅನ್ನುವುದು ಮೊದಲು, ಅಷ್ಟು ಬಿಸಿಯನ್ನು ನಿಧಾನವಾಗಿ ತಿರುಗುವ ಫ್ಯಾನಿನಿಂದ ಹೊರಹಾಕಲು ಎಷ್ಟು ಜಾಗ ಬೇಕು ಅನ್ನುವುದು ಎರಡನೆಯದು, ಕ್ಯಾಬಿನೆಟ್ ಕಟ್ಟಕಡೆಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಕಾಲು ಅಳೆದು ಹಾಸಿಗೆ ಹೊಲಿಸಬೇಕು.

ಸದ್ದಿನ ಲೆಕ್ಕ

ಪಿಸಿ ತಿನ್ನುವ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. 300 ವ್ಯಾಟ್ ಎಳೆಯುವ ಪಿಸಿ ಅಂದರೆ ಪಕ್ಕದಲ್ಲಿ 300 ವ್ಯಾಟಿನ ಹೀಟರ್ ಇಟ್ಟುಕೊಂಡ ಹಾಗೆ. ಆ ಬಿಸಿಯನ್ನು ಹೊತ್ತೊಯ್ಯುವ ಗಾಳಿ ಓಡಾಡಬೇಕು, ಗಾಳಿ ಓಡಾಡಿದರೆ ಸದ್ದು. ಇಲ್ಲಿ ಒಂದು ಲೆಕ್ಕ ತಲೆಯಲ್ಲಿದ್ದರೆ ಉಳಿದದ್ದೆಲ್ಲ ಸಲೀಸು. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿಯೂ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಕುಸಿಯುತ್ತದೆ. ಅದೇ ಸದ್ದಿನ ಇನ್ನೊಂದು ಫ್ಯಾನ್ ಪಕ್ಕಕ್ಕೆ ಸೇರಿಸಿದರೆ ಏರುವುದು ಬರೀ 3 ಡೆಸಿಬೆಲ್. ಅಂದರೆ ನಿಮಿಷಕ್ಕೆ 1,600 ಸುತ್ತಿನ ಒಂದು ಫ್ಯಾನಿನ ಬದಲು 800 ಸುತ್ತಿನ ಎರಡು ಹಾಕಿದರೆ ಗಾಳಿ ಅಷ್ಟೇ, ಸದ್ದು 12 ಡೆಸಿಬೆಲ್ ಕಡಿಮೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ.

ಹಾಗಾಗಿ ಸುಮ್ಮನಿರುವ ಪಿಸಿಗೆ ದಾರಿ ಎರಡೇ. ಒಂದೋ ಬಿಸಿಯನ್ನೇ ಕಡಿಮೆ ಹುಟ್ಟಿಸಬೇಕು, ಇಲ್ಲವೇ ದೊಡ್ಡ, ನಿಧಾನದ ಫ್ಯಾನ್‌ಗಳಿಗೆ ಜಾಗ ಬಿಡಬೇಕು. ದುಬಾರಿ ಫ್ಯಾನ್ ಹಾಕಿದರೆ ಸರಿಹೋಗುತ್ತದೆ ಅಂದುಕೊಳ್ಳುವವರು ಬಹಳ. ಅದರಿಂದ ಆಗುವ ಲಾಭ ಇವೆರಡರ ಮುಂದೆ ಚಿಲ್ಲರೆ.

ಕಟ್ಟಲೇಬೇಕೆ?

ಇದನ್ನು ಬೇಗ ಮುಗಿಸುತ್ತೇನೆ. ಗೇಮಿಂಗ್ ಲ್ಯಾಪ್‌ಟಾಪ್ ಜಾಗ ಉಳಿಸುವುದರಲ್ಲಿ ಎಲ್ಲಕ್ಕಿಂತ ಮುಂದೆ, ಸದ್ದಿನಲ್ಲೂ ಮುಂದೆ. ತೆಳ್ಳಗಿನ ಪುಟ್ಟ ಫ್ಯಾನ್‌ಗಳು ವೇಗವಾಗಿ ತಿರುಗದೆ ಗತಿಯಿಲ್ಲ. 2022ರಲ್ಲಿ ಬಂದ ಸ್ಟೀಮ್ ಡೆಕ್‌ನಂಥ ಕೈಯಲ್ಲಿ ಹಿಡಿಯುವ ಯಂತ್ರದ ಚಿಪ್ 15 ವ್ಯಾಟ್ ಒಳಗೇ ಮುಗಿಸುತ್ತದೆ, ಆದರೆ ದೊಡ್ಡ ಪರದೆಗೆ ಜೋಡಿಸಿದರೆ ಏದುಸಿರು. ಸೋಫಾದಲ್ಲಿ ಕೂತು ವರ್ಷಕ್ಕೆ ನಾಲ್ಕೈದು ಆಟ ಆಡುವವರಿಗೆ ಕನ್ಸೋಲೇ ಸರಿ, ಮುಂದೆ ಓದುವ ಅಗತ್ಯವೇ ಇಲ್ಲ. 2025ರಲ್ಲಿ ಬಂದ ಎಎಂಡಿಯ ರೈಜೆನ್ ಎಐ ಮ್ಯಾಕ್ಸ್ ಚಿಪ್‌ಗಳು ಮಾತ್ರ ಬೇರೆ ಮಾತು: ಪ್ರತ್ಯೇಕ ಕಾರ್ಡ್ ಇಲ್ಲದೆಯೇ ಮಧ್ಯಮ ದರ್ಜೆಯ ಲ್ಯಾಪ್‌ಟಾಪ್ ಕಾರ್ಡಿನಷ್ಟು ಓಡುತ್ತವೆ, 4.5 ಲೀಟರಿನ ಫ್ರೇಮ್‌ವರ್ಕ್ ಡೆಸ್ಕ್‌ಟಾಪ್‌ನಲ್ಲಿ ಕೂರುತ್ತವೆ. ಆದರೆ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುತ್ತಾರೆ. ನಾಳೆ ಕಾರ್ಡ್ ಮಾತ್ರ ಬದಲಾಯಿಸೋಣ ಅನ್ನುವ ಮಾತೇ ಇಲ್ಲ.

ಒಂದೊಂದೇ ಭಾಗ ಬದಲಾಯಿಸುತ್ತ ಏಳೆಂಟು ವರ್ಷ ಎಳೆಯಬೇಕು ಅನ್ನುವವರು ಮಾತ್ರ ಕಟ್ಟಿ.

ಕಾರ್ಡ್: ಇಡೀ ಪಿಸಿಯ ಗುಣ ಇಲ್ಲೇ ಗೊತ್ತಾಗುವುದು

ಆಟದ ಹೊತ್ತಿನಲ್ಲಿ ಬಿಸಿಯ ದೊಡ್ಡ ಪಾಲು ಗ್ರಾಫಿಕ್ಸ್ ಕಾರ್ಡಿನದು. ಕೆಲವು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎನ್ವಿಡಿಯಾ ಕಡೆ ಆರ್‌ಟಿಎಕ್ಸ್ 4060 ಕಾರ್ಡಿನದು 115 ವ್ಯಾಟ್, 5060 ಕಾರ್ಡಿನದು 145, 5060 ಟಿಐ 180, 5070 ಅಂದರೆ 250, 5080 ಅಂದರೆ 360, 5090 ಅಂದರೆ 575. ಎಎಂಡಿಯ ರೇಡಿಯಾನ್ ಕಡೆ 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ 160 ವ್ಯಾಟ್, 9070 ಕಾರ್ಡ್ 220, ಅದರ ಎಕ್ಸ್‌ಟಿ 304.

ನನ್ನ ಪ್ರಕಾರ ಚಿಕ್ಕ ಪಿಸಿಯ ಸುಖದ ಗಡಿ 150ರಿಂದ 220 ವ್ಯಾಟ್. 1440ಪಿ (2560×1440 ಚುಕ್ಕಿಗಳ) ಪರದೆಯಲ್ಲಿ ಆಡುವವರಿಗೆ ಇಷ್ಟು ಧಾರಾಳ. 4ಕೆ ಬೇಕೇ ಬೇಕು ಅನ್ನುವವರು ಮುಂದೆ ಹೋಗಲಿ, ಬೇಡ ಅನ್ನುವುದಿಲ್ಲ, ಆದರೆ ಕ್ಯಾಬಿನೆಟ್ ದೊಡ್ಡದಾಗುತ್ತದೆ ಅನ್ನುವುದನ್ನು ಈಗಲೇ ಒಪ್ಪಿಕೊಳ್ಳಲಿ. 8 ಜಿಬಿ ಮೆಮೊರಿಯ ಕಾರ್ಡನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಹೊಸ ಆಟಗಳಲ್ಲಿ ಅದು ಈಗಾಗಲೇ ಇಕ್ಕಟ್ಟು. ಎರಡೇ ವರ್ಷಕ್ಕೆ ಮತ್ತೆ ಕ್ಯಾಬಿನೆಟ್ ಬಿಚ್ಚಿ ಹೊಸ ಕಾರ್ಡ್ ಹಾಕುವುದನ್ನು ಕಡಿಮೆ ನಿಗಾ ಅನ್ನಲಾಗದು.

ಒಂದೇ ಚಿಪ್ಪಿನ ಕಾರ್ಡುಗಳಲ್ಲೂ ಆಯ್ಕೆ ಇದೆ. ಒಂದೇ ಫ್ಯಾನಿನ ಪುಟಾಣಿ ಕಾರ್ಡ್, ಎರಡು ಫ್ಯಾನಿನದು, ಮೂರು ಫ್ಯಾನಿನದು. ಮುದ್ದಾಗಿ ಕಾಣುವುದು ಮೊದಲನೆಯದು, ಕಿರಿಕಿರಿ ಮಾಡುವುದೂ ಅದೇ. ಹಿಡಿಸುವುದಾದರೆ ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ತಟ್ಟೆಗಳ ದೊಡ್ಡ ಹೀಟ್‌ಸಿಂಕ್ ಇರುವುದನ್ನೇ ಹಾಕಿ. ಎನ್ವಿಡಿಯಾ 2024ರಲ್ಲಿ ಚಿಕ್ಕ ಕ್ಯಾಬಿನೆಟ್‌ಗಳಿಗೆಂದು ಒಂದು ಅಳತೆ ಹೊರಡಿಸಿತು: ಉದ್ದ 304, ಎತ್ತರ 151, ದಪ್ಪ 50 ಮಿಲಿಮೀಟರ್ ಮೀರಬಾರದು, ಆ ಎತ್ತರದಲ್ಲೇ ಕೇಬಲ್ ಬಾಗುವ ಜಾಗವೂ ಸೇರಿರಬೇಕು. ಕಾರ್ಡ್, ಕ್ಯಾಬಿನೆಟ್ ಎರಡರ ಮೇಲೂ ಆ ಗುರುತಿದ್ದರೆ ಸ್ಕೇಲ್ ಹಿಡಿದು ಕೂರುವ ಪಾಡು ತಪ್ಪುತ್ತದೆ. ಇಲ್ಲದಿದ್ದರೆ ದಪ್ಪವನ್ನು ಎರಡು ಸಲ ನೋಡಿ. ಉದ್ದವನ್ನು ಎಲ್ಲರೂ ನೋಡುತ್ತಾರೆ, ಕೈಕೊಡುವುದು ದಪ್ಪ.

ಪ್ರೊಸೆಸರ್

ಇಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಕಡಿಮೆ. ಇಂಟೆಲ್‌ನ ಕೋರ್ ಐ9 14900ಕೆ ಪೂರ್ತಿ ಬಿಟ್ಟರೆ 253 ವ್ಯಾಟ್‌ವರೆಗೆ ಎಳೆಯುತ್ತದೆ. ಅಂಥದ್ದು ಚಿಕ್ಕ ಪೆಟ್ಟಿಗೆಯ ಹತ್ತಿರವೂ ಬೇಡ. ರೈಜೆನ್ 7 7800ಎಕ್ಸ್3ಡಿ ಕಾಗದದ ಮೇಲೆ 120 ವ್ಯಾಟ್ ಆದರೂ ಆಟದಲ್ಲಿ ಬಹುಪಾಲು 50ರಿಂದ 80ರ ನಡುವೆ ಓಡಾಡಿಕೊಂಡಿರುತ್ತದೆ. ಅದೇ ಅದರ ಹೆಚ್ಚುಗಾರಿಕೆ. ಖರ್ಚು ಹಿಡಿಯಬೇಕೆಂದರೆ 65 ವ್ಯಾಟಿನ ರೈಜೆನ್ 5 7600 ಸಾಕು, ಉಳಿದ ದುಡ್ಡು ಕಾರ್ಡಿಗೆ ಹೋಗಲಿ. ಎರಡೂ ಕೂರುವುದು 2022ರಲ್ಲಿ ಬಂದ ಎಎಂ5 ಸಾಕೆಟ್‌ನಲ್ಲಿ. ಮುಂದೊಂದು ದಿನ ಬೋರ್ಡ್ ಉಳಿಸಿಕೊಂಡು ಚಿಪ್ ಮಾತ್ರ ಬದಲಾಯಿಸಬಹುದು.

ಕ್ಯಾಬಿನೆಟ್: ಎಷ್ಟು ಲೀಟರ್?

ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಮಾಮೂಲಿ ಟವರ್ ಕ್ಯಾಬಿನೆಟ್ 40–50 ಲೀಟರ್. ಚಿಕ್ಕದರ ಲೋಕದಲ್ಲಿ ಮದರ್‌ಬೋರ್ಡ್ ಹೆಚ್ಚಾಗಿ ಮಿನಿ ಐಟಿಎಕ್ಸ್: 170 ಮಿಲಿಮೀಟರ್ ಚೌಕ, ಒಂದು ಗೇಣಿಗೂ ಕಮ್ಮಿ. ಕಾರ್ಡಿಗೆ ಒಂದೇ ಸ್ಲಾಟ್, ಮೆಮೊರಿಗೆ ಸಾಮಾನ್ಯವಾಗಿ ಎರಡು.

ಹತ್ತು ಲೀಟರ್ ಆಸುಪಾಸಿನವು ಬಹುತೇಕ ಸ್ಯಾಂಡ್‌ವಿಚ್ ಜೋಡಣೆಯವು. ಬೋರ್ಡ್ ಒಂದು ಮಗ್ಗುಲಿಗೆ, ಕಾರ್ಡ್ ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಂದು ಮಗ್ಗುಲಿಗೆ, ನಡುವೆ ಪಟ್ಟಿಯಂಥ ರೈಸರ್ ಕೇಬಲ್. ಫ್ರಾಕ್ಟಲ್ ಟೆರ್ರಾ ಈ ಜಾತಿಯದು, 10.4 ಲೀಟರ್. ಅದರಲ್ಲಿ ನಡುಗೋಡೆಯನ್ನು ಸರಿಸಬಹುದು. ಕೂಲರಿಗೆ 48ರಿಂದ 77 ಮಿಲಿಮೀಟರ್‌ವರೆಗೆ ಎತ್ತರ ಸಿಗುತ್ತದೆ, ಆದರೆ ಕೂಲರಿಗೆ ಕೊಟ್ಟಷ್ಟನ್ನು ಕಾರ್ಡಿನ ದಪ್ಪದಿಂದ ಕಿತ್ತುಕೊಳ್ಳಬೇಕು. ನೋಡಲು ಇವಕ್ಕೆ ಸಾಟಿಯಿಲ್ಲ. ಕಟ್ಟುವಾಗ ಮಾತ್ರ ಎರಡು ಕೈ ಸಾಲದು ಅನ್ನಿಸುತ್ತದೆ, ಕೇಬಲ್ ಒಂದು ತಪ್ಪು ದಾರಿ ಹಿಡಿದರೂ ಪ್ಯಾನೆಲ್ ಮುಚ್ಚುವುದಿಲ್ಲ.

ಹದಿನೈದರಿಂದ ಇಪ್ಪತ್ತು ಲೀಟರ್ ಅಂದರೆ ಕೂಲರ್ ಮಾಸ್ಟರ್ ಎನ್‌ಆರ್200ರ ಸಾಲು. 18.25 ಲೀಟರ್, ಜಾಲರಿ ಪ್ಯಾನೆಲ್ ಹಾಕಿದರೆ 155 ಮಿಲಿಮೀಟರ್ ಎತ್ತರದ ಕೂಲರ್ ಹಿಡಿಸುತ್ತದೆ, ರೈಸರ್ ಬೇಕಿಲ್ಲ, ಕಾರ್ಡ್ ನೇರವಾಗಿ ಬೋರ್ಡಿಗೇ ಕೂರುತ್ತದೆ, ಮೇಲೆ ಕೆಳಗೆ 120 ಮಿಲಿಮೀಟರ್ ಫ್ಯಾನ್‌ಗಳಿಗೆ ಜಾಗ ಇದೆ. ಮೇಜಿನ ಮೇಲೆ ನೋಡಿದರೆ ಹತ್ತಕ್ಕೂ ಹದಿನೆಂಟಕ್ಕೂ ಅಂಥಾ ವ್ಯತ್ಯಾಸ ಕಾಣುವುದಿಲ್ಲ. ಕಿವಿಗೆ ಕಾಣುತ್ತದೆ. ಚಿಕ್ಕದು, ಸುಮ್ಮನಿರುವುದು, ನಿಗಾ ಬೇಡದ್ದು ಈ ಮೂರನ್ನೂ ಕೇಳುವವರಿಗೆ ನನ್ನ ಉತ್ತರ ಈ ಸಾಲೇ. ದಿನಾ ಚೀಲದಲ್ಲಿ ಹೊತ್ತು ತಿರುಗುವವರು ಮಾತ್ರ ಹತ್ತಕ್ಕೆ ಇಳಿಯಲಿ.

ಇನ್ನೂ ಮೇಲೆ, 25–30 ಲೀಟರಿನ ಮೈಕ್ರೋ ಎಟಿಎಕ್ಸ್ ಇದೆ. ಬೋರ್ಡ್ ಅಗ್ಗ, ಪವರ್ ಸಪ್ಲೈ ಮಾಮೂಲಿ ಅಳತೆಯದು, ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ. ಮೇಜಿನ ಕೆಳಗೆ ಇಡುವುದಾದರೆ ಇದನ್ನು ಬಿಟ್ಟು ಐಟಿಎಕ್ಸ್‌ಗೆ ಹೆಚ್ಚು ದುಡ್ಡು ಸುರಿಯುವುದು ಬರೀ ಹಟ.

ಗಾಜಿನ ಪ್ಯಾನೆಲ್ ಬಗ್ಗೆ ಒಂದು ಮಾತು. ಕಾರ್ಡಿನ ಫ್ಯಾನ್ ಗಾಜಿನ ಎದುರಿಗಿದ್ದರೆ ಉಸಿರು ಕಟ್ಟುತ್ತದೆ. ಜಾಲರಿಗೆ ತೀರಾ ಅಂಟಿಕೊಂಡಿದ್ದರೂ ತೊಂದರೆಯೇ, ರೆಕ್ಕೆ ತೂತುಗಳ ಮುಂದೆ ಹಾಯುವಾಗ ಗುಂಯ್ ಅನ್ನುವ ರಾಗ ಹೊರಡುತ್ತದೆ. ಐದಾರು ಮಿಲಿಮೀಟರ್ ಸಂದು ಬಿಟ್ಟರೆ ಆ ರಾಗ ಕರಗುತ್ತದೆ. ಇದಕ್ಕೆಂದೇ ಫ್ಯಾನ್ ತಯಾರಿಸುವ ನಾಕ್ಟುವಾ ಕಂಪನಿ ಚೌಕಟ್ಟಿನಂಥ ಸ್ಪೇಸರ್ ಮಾರುತ್ತದೆ.

ಕೂಲರ್: ಚಪ್ಪಟೆ, ಟವರ್, ನೀರು

ಚಪ್ಪಟೆ ಕೂಲರ್‌ಗಳಲ್ಲಿ ನಾಕ್ಟುವಾ ಎನ್‌ಎಚ್ ಎಲ್9 ಬರೀ 37 ಮಿಲಿಮೀಟರ್ ಎತ್ತರ, ಥರ್ಮಲ್‌ರೈಟ್ ಎಎಕ್ಸ್‌ಪಿ90 ಎಕ್ಸ್47 ಹೆಸರೇ ಹೇಳುವಂತೆ 47, ನಾಕ್ಟುವಾ ಎಲ್12ಎಸ್ 70. ಮೊದಲೆರಡರದು 92 ಮಿಲಿಮೀಟರ್ ಫ್ಯಾನ್, 65 ವ್ಯಾಟಿನ ಚಿಪ್ಪಿಗೆ ನಡೆಯುತ್ತದೆ, ಅದಕ್ಕಿಂತ ಮೇಲೆ ಹೋದರೆ ಕಿರುಚಾಟ. ಎಲ್12ಎಸ್‌ಗೆ 120 ಮಿಲಿಮೀಟರ್ ಫ್ಯಾನ್ ಇರುವುದರಿಂದ ಅದರ ದನಿಯೇ ಬೇರೆ, ಮೆತ್ತಗೆ. 155 ಮಿಲಿಮೀಟರ್ ಎತ್ತರ ಇದ್ದುಬಿಟ್ಟರೆ ಒಂದು ಮಧ್ಯಮ ಟವರ್ ಕೂಲರ್ ಹಾಕಿ ಮರೆತುಬಿಡಬಹುದು.

ನೀರಿನ ಕೂಲರ್, ಅಂದರೆ ಎಐಒ, ಚಿಕ್ಕ ಕ್ಯಾಬಿನೆಟ್‌ನವರಿಗೆ ದೊಡ್ಡ ಆಸೆ. ಚಿಪ್ಪಿನ ಮೇಲೆ ಜಾಗ ಇಲ್ಲದಿದ್ದರೂ ಬಿಸಿಯನ್ನು ಪಕ್ಕದ ರೇಡಿಯೇಟರಿಗೆ ಸಾಗಿಸುತ್ತದಲ್ಲ. ತಣ್ಣಗಿಡುವುದರಲ್ಲಿ ತಕರಾರಿಲ್ಲ. ಆದರೆ ಪಂಪ್ ಯಾವಾಗಲೂ ಓಡುತ್ತಿರಬೇಕು. ಮೇಲ್ ಓದುತ್ತ ಸುಮ್ಮನೆ ಕೂತಿರುವಾಗ ಸಣ್ಣಗೆ ಜುಂಯ್ ಅನ್ನುವುದು ಇದೇ. ರಬ್ಬರ್ ಕೊಳವೆಯ ಮೂಲಕ ವರ್ಷಗಟ್ಟಲೆ ನೀರು ಅಗೋಚರವಾಗಿ ಆವಿಯಾಗುತ್ತ ಒಳಗೆ ಗಾಳಿ ಗುಳ್ಳೆ ಬೆಳೆಯುತ್ತದೆ. ರೇಡಿಯೇಟರಿನ ತುದಿ ಪಂಪಿಗಿಂತ ಮೇಲಿದ್ದರೆ ಗುಳ್ಳೆ ಅಲ್ಲೇ ನಿಲ್ಲುತ್ತದೆ, ಕೆಳಗಿದ್ದರೆ ಪಂಪಿಗೇ ಬಂದು ಗಳಗಳ ಅನ್ನುತ್ತದೆ. ಟವರ್ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ, ಎರಡು ಕ್ಲಿಪ್ ತೆಗೆದು ಹೊಸದು ಹಾಕಿದರೆ ಮುಗಿಯಿತು. ಎಐಒದಲ್ಲಿ ಪಂಪ್ ಹೋದರೆ ಇಡೀ ವಸ್ತುವೇ ತಿಪ್ಪೆಗೆ. ನಿಗಾ ಬೇಡ ಅನ್ನುವವರ ಮನೆಗೆ ನೀರು ಬೇಡ.

ಫ್ಯಾನೇ ಇಲ್ಲದ ಕ್ಯಾಬಿನೆಟ್‌ಗಳೂ ಇವೆ, ಗೋಡೆಗಳೇ ಹೀಟ್‌ಸಿಂಕ್. ಸ್ಟ್ರೀಮ್‌ಕಾಮ್ ಡಿಬಿ4 ಹೊರಗಿನಿಂದ ಹೆಚ್ಚುವರಿ ಭಾಗ ಹಾಕದೆ 65 ವ್ಯಾಟಿನ ಪ್ರೊಸೆಸರ್ ತಾಳುತ್ತದೆ. ಸಂಗೀತ ಕೇಳುವವರಿಗೆ ಅದು ಸ್ವರ್ಗ. ಇತ್ತೀಚಿನ ದೊಡ್ಡ ಆಟಗಳಿಗಲ್ಲ.

ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟಿನ ಬದಲು ಪಿಟಿಎಂ7950 ಹಾಳೆ ಹಾಕುವುದು ನನಗೆ ಮೆಚ್ಚುಗೆಯಾದ ಒಂದು ಸಣ್ಣ ಉಪಾಯ. ಬಿಸಿಗೆ ಮೆತ್ತಗಾಗಿ ಹರಡಿಕೊಳ್ಳುತ್ತದೆ, ಮಾಮೂಲಿ ಪೇಸ್ಟಿನ ಹಾಗೆ ಅಂಚಿಗೆ ಜಾರಿ ಒಣಗುವುದಿಲ್ಲ.

ಪವರ್ ಸಪ್ಲೈ

ಅಂಗಡಿಯವರ ಬಾಯಲ್ಲಿ ಎಸ್‌ಎಂಪಿಎಸ್. ಚಿಕ್ಕ ಕ್ಯಾಬಿನೆಟ್ಟಿಗೆ ಎಸ್‌ಎಫ್‌ಎಕ್ಸ್ ಅಳತೆ: ಅಗಲ 125, ಎತ್ತರ 63.5, ಆಳ 100 ಮಿಲಿಮೀಟರ್. ಎಸ್‌ಎಫ್‌ಎಕ್ಸ್ ಎಲ್ ಅಂದರೆ ಆಳ 130, ಅದರಲ್ಲಿ 120 ಮಿಲಿಮೀಟರ್ ಫ್ಯಾನ್ ಕೂರುತ್ತದೆ. ಜಾಗ ಇದ್ದರೆ ಉದ್ದದ್ದೇ ಲೇಸು. ಪಿಸಿ ಎಳೆಯುವುದು 300 ವ್ಯಾಟ್ ಆದರೆ 600–650 ವ್ಯಾಟಿನದು ಹಾಕಿ. ಅರ್ಧ ಹೊರೆಯಲ್ಲಿ ಅದು ತಣ್ಣಗಿರುತ್ತದೆ, ಹಲವು ಮಾದರಿಗಳಲ್ಲಿ ಹೊರೆ ಕಡಿಮೆಯಿದ್ದಾಗ ಫ್ಯಾನ್ ತಿರುಗುವುದೇ ಇಲ್ಲ. ಕೇಬಲ್‌ಗಳು ಕಳಚುವಂತಿರಲಿ. ಹಳೆಯ ಸಪ್ಲೈನ ಕೇಬಲ್ಲನ್ನು ಹೊಸದಕ್ಕೆ ಚುಚ್ಚಲೇಬೇಡಿ, ಕಿಂಡಿ ಒಂದೇ ಥರ ಕಂಡರೂ ಒಳಗಿನ ತಂತಿಯ ಸಾಲು ಬೇರೆ ಇರಬಹುದು, ಒಂದೇ ಏಟಿಗೆ ಎಸ್‌ಎಸ್‌ಡಿ ಸುಟ್ಟುಹೋಗುತ್ತದೆ.

ಡಿಸ್ಕ್ ವಿಷಯ ಎರಡೇ ಸಾಲು. ಬೋರ್ಡಿಗೇ ಕೂರುವ ಎಂ.2 ಎಸ್‌ಎಸ್‌ಡಿ, ಅದೂ ದೊಡ್ಡದೊಂದು. ತಿರುಗುವ ಹಾರ್ಡ್‌ಡಿಸ್ಕ್ ಒಳಗಿದ್ದರೆ ಮೇಲೆ ಹೇಳಿದ ಸಾಹಸವೆಲ್ಲ ನೀರಲ್ಲಿ ಹೋಮ.

ಕೊಳ್ಳದೆ ಸಿಗುವ ಮೌನ

ಭಾಗಗಳ ಮಾತು ಮುಗಿದ ಮೇಲೆ ಅರ್ಧ ಗಂಟೆಯ ಸೆಟ್ಟಿಂಗ್ ಕೆಲಸ ಇದೆ, ಇದರಿಂದ ಸಿಗುವಷ್ಟು ಲಾಭ ಯಾವ ಫ್ಯಾನಿನಿಂದಲೂ ಸಿಗದು.

ಮೊದಲನೆಯದು ಕಾರ್ಡಿನ ಪವರ್ ಲಿಮಿಟ್. ಕಾರ್ಖಾನೆಯಿಂದ ಬರುವಾಗಲೇ ಕಾರ್ಡುಗಳನ್ನು ಕೊನೆಯ ಹನಿವರೆಗೂ ಹಿಂಡಿರುತ್ತಾರೆ. 250 ವ್ಯಾಟಿನದನ್ನು 190ಕ್ಕೆ ಇಳಿಸಿದರೆ ಕಾಲು ಭಾಗ ಬಿಸಿ ಮಾಯ, ಸೆಕೆಂಡಿಗೆ ಮೂಡುವ ಚಿತ್ರಗಳು, ಅಂದರೆ ಫ್ರೇಮ್, ಮಾತ್ರ ಅಷ್ಟು ಪ್ರಮಾಣದಲ್ಲಿ ಇಳಿಯುವುದಿಲ್ಲ, ಆಡುವಾಗ ಗೊತ್ತಾಗುವುದೂ ಕಷ್ಟ. ಎರಡನೆಯದು ಫ್ರೇಮ್ ಮಿತಿ. ಮೆನು ಪರದೆಯಲ್ಲಿ ಸೆಕೆಂಡಿಗೆ 400 ಫ್ರೇಮ್ ಬಿಡಿಸುತ್ತ ಕಾರ್ಡ್ ಬೆವರುವುದು ಯಾರಿಗೆ ಬೇಕು? ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೋ ಅದಕ್ಕಿಂತ ಎರಡು ಮೂರು ಕಡಿಮೆಗೆ ಕಟ್ಟಿಹಾಕಿ. ಕಾರ್ಡಿನಿಂದ ಬರುವ ಚಿರ್‌ಗುಟ್ಟುವ ಕಾಯಿಲ್ (ತಂತಿ ಸುರುಳಿ) ಸದ್ದೂ ಇದರಿಂದ ಬಹಳ ತಗ್ಗುತ್ತದೆ.

ಮೂರನೆಯದು ಫ್ಯಾನ್ ಗೆರೆ, ಅಂದರೆ ಎಷ್ಟು ಬಿಸಿಗೆ ಎಷ್ಟು ವೇಗ ಅನ್ನುವ ನಕ್ಷೆ. ಕಿವಿ ಒಂದೇ ಸಮನಾದ ಸದ್ದಿಗೆ ಬೇಗ ಒಗ್ಗಿಕೊಳ್ಳುತ್ತದೆ, ಏರಿಳಿತಕ್ಕೆ ಒಗ್ಗುವುದಿಲ್ಲ. ಬ್ರೌಸರ್ ತೆರೆದಾಗಲೆಲ್ಲ ಪ್ರೊಸೆಸರ್ ಅರೆಕ್ಷಣ ಬಿಸಿಯಾಗುತ್ತದೆ, ಫ್ಯಾನ್ ಅದರ ಹಿಂದೆ ಓಡಿ ಸುಯ್ ಅಂದು ಇಳಿಯುತ್ತದೆ. ಬಯಾಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಫ್ಯಾನ್ ಏರುವ ವಿಳಂಬವನ್ನು ಐದಾರು ಸೆಕೆಂಡಿಗೆ ಇಟ್ಟು, 65 ಡಿಗ್ರಿವರೆಗೆ ಗೆರೆಯನ್ನು ಮಟ್ಟಸವಾಗಿ ಎಳೆದರೆ ಈ ಚೆಲ್ಲಾಟ ನಿಲ್ಲುತ್ತದೆ.

ಧೂಳಿನ ಲೆಕ್ಕವೂ ಇಲ್ಲೇ ಸೇರುತ್ತದೆ. ಧೂಳು ಬರುವುದು ಗಾಳಿಯ ಜೊತೆ. ಕಡಿಮೆ ವ್ಯಾಟ್, ಕಡಿಮೆ ಗಾಳಿ, ಕಡಿಮೆ ಧೂಳು. ಒಳಗೆ ತಳ್ಳುವ ಫ್ಯಾನ್ ಹೊರಗೆ ತಳ್ಳುವುದಕ್ಕಿಂತ ಹೆಚ್ಚಿದ್ದು ಅದರ ಮುಂದೆ ಜಾಲರಿ ಇದ್ದರೆ ಸಂದುಗೊಂದಿನಿಂದ ಧೂಳು ನುಗ್ಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಆ ಜಾಲರಿ ಕೊಡವಿ, ವರ್ಷಕ್ಕೊಮ್ಮೆ ಒಳಗೆ ಗಾಳಿ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಬಿಟ್ಟರೆ ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ನೆಲದ ಮೇಲೆ ಇಟ್ಟ ಪಿಸಿಗೆ ಮೇಜಿನ ಮೇಲಿಟ್ಟದ್ದಕ್ಕಿಂತ ಹೆಚ್ಚು ಕಸ.

ಮೊದಲ ಸಲ ಒತ್ತುವಾಗ

ಎರಡು ಕಡೆ ಜೀವ ಬಾಯಿಗೆ ಬರುತ್ತದೆ, ಮೊದಲೇ ಗೊತ್ತಿದ್ದರೆ ಒಳ್ಳೆಯದು.

ರೈಸರ್ ಇರುವ ಕ್ಯಾಬಿನೆಟ್ ಆದರೆ ಕೇಬಲ್ ಯಾವ ತಲೆಮಾರಿನದು ನೋಡಿ. ನನ್ನದು ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡಿಗೂ ಬೋರ್ಡಿಗೂ ನಡುವಿನ ಸಂಪರ್ಕ) ಮೂರನೇ ತಲೆಮಾರಿನದು, ಕಾರ್ಡ್ ನಾಲ್ಕನೆಯದು. ಕಾರ್ಡಿನ ಫ್ಯಾನ್ ತಿರುಗುತ್ತಿದೆ, ಪರದೆ ಕಪ್ಪು. ಕಾರ್ಡೇ ಸತ್ತಿದೆ ಅಂದುಕೊಂಡು ಅಂಗಡಿಗೆ ವಾಪಸ್ ಒಯ್ದೆ, ಅವರ ಮೇಜಿನ ಮೇಲೆ ಚೆನ್ನಾಗಿಯೇ ಓಡಿತು. ಮನೆಗೆ ಬಂದು ಪ್ರೊಸೆಸರಿನದೇ ಗ್ರಾಫಿಕ್ಸ್‌ಗೆ ಮಾನಿಟರ್ ಜೋಡಿಸಿ, ಬಯಾಸ್‌ನಲ್ಲಿ ಸ್ಲಾಟಿನ ವೇಗವನ್ನು ಮೂರಕ್ಕೆ ಇಳಿಸಿದ್ದೇ ತಡ, ಚಿತ್ರ ಬಂತು. ಎರಡು ದಿನ, ಒಂದು ಸೆಟ್ಟಿಂಗ್.

ಇನ್ನೊಂದು, ಎಎಂ5 ಬೋರ್ಡಿನ ಮೊದಲ ಬೂಟ್. ಡಿಡಿಆರ್5 ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಅದು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ, ಬೋರ್ಡಿನ ಮೆಮೊರಿ ದೀಪ ಉರಿಯುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಿದರೆ ಎಲ್ಲ ಮೊದಲಿನಿಂದ. ಕೈಕಟ್ಟಿ ಕೂತಿರಿ. ಚಿತ್ರ ಬಂದ ಮೇಲೆ ಮೆಮೊರಿಗೆ ಎಕ್ಸ್‌ಪೋ ಪ್ರೊಫೈಲ್ (ಅದರ ಪೂರ್ಣ ವೇಗದ ಸಿದ್ಧ ಸೆಟ್ಟಿಂಗ್) ಹಾಕಿ, ಫ್ಯಾನ್ ಗೆರೆ ಎಳೆದು, ಪ್ಯಾನೆಲ್ ತೆರೆದಿಟ್ಟೇ ಒಂದು ಗಂಟೆ ಆಡಿ ನೋಡಿ. ಯಾವ ಕೇಬಲ್ಲೂ ರೆಕ್ಕೆಗೆ ತಗಲುತ್ತಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಸ್ಕ್ರೂ ಬಿಗಿಯಿರಿ.